ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಒಪ್ಪಿಗೆ ಕೊಡುವ ಮುನ್ನ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತನ್ನು ನನ್ನ ಮುಂದೆ ಮೊದಲು ಎತ್ತಿದವರು, ಬಹಳ ವರ್ಷಗಳಿಂದ ನನ್ನ ಮಧುಮೇಹವನ್ನು ನೋಡಿಕೊಳ್ಳುತ್ತಿರುವ ವೈದ್ಯರು. ಮಾತ್ರೆಗಳು ಒಂದರ ಮೇಲೊಂದು ಸೇರುತ್ತ ಹೋಗಿ ಕೊನೆಗೆ ಇನ್ಸುಲಿನ್ ಕೂಡ ಬಂದಿತ್ತು. ಇನ್ಸುಲಿನ್ ಬಂದ ಮೇಲೆ ತೂಕ ಮತ್ತಷ್ಟು ಏರಿತ್ತು. ರಾತ್ರಿ ನಿದ್ರೆಯಲ್ಲಿ ಉಸಿರು ತಡೆದು ತಡೆದು ಬರುವ ಸ್ಲೀಪ್ ಆಪ್ನಿಯಾ ಇದೆಯೆಂಬುದೂ ಪರೀಕ್ಷೆಯಲ್ಲಿ ಖಚಿತವಾಗಿತ್ತು. ಮೊಣಕಾಲಿನ ನೋವಿನಿಂದ ಮೆಟ್ಟಿಲು ಹತ್ತುವುದನ್ನು ನಾನು ಆಗಲೇ ತಪ್ಪಿಸತೊಡಗಿದ್ದೆ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ಅವರು, "ಇವು ನಾಲ್ಕು ಕಾಯಿಲೆಗಳಲ್ಲ, ಬುಡ ಒಂದೇ. ನೀವು ಒಮ್ಮೆ ಶಸ್ತ್ರವೈದ್ಯರನ್ನು ಕಂಡು ಮಾತನಾಡಿ. ಮಾಡಿಸಿಕೊಳ್ಳಲೇಬೇಕು ಎಂದು ನಾನು ಹೇಳುತ್ತಿಲ್ಲ, ತಿಳಿದುಕೊಂಡು ತೀರ್ಮಾನಿಸಿ ಎನ್ನುತ್ತಿದ್ದೇನೆ" ಎಂದರು. ಆ ತಿಳಿದುಕೊಳ್ಳುವ ಕೆಲಸಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಾಲ ತೆಗೆದುಕೊಂಡದ್ದು ಸರಿಯಾಯಿತು ಎಂದೇ ನನ್ನ ಭಾವನೆ.

ನಾನು ಇದಕ್ಕೆ ಅರ್ಹಳೇ ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ನನ್ನಲ್ಲಿ 38ರ ಆಸುಪಾಸಿನಲ್ಲಿತ್ತು. ಬಿಎಂಐ 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿದ್ದು ಜೊತೆಗೆ ಗಂಭೀರ ಕಾಯಿಲೆಯೂ ಇರುವವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂಬ ಮಾನದಂಡ 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಮೂವತ್ತು ವರ್ಷ ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿತ್ತು. 2022ರಲ್ಲಿ ಈ ಕ್ಷೇತ್ರದ ಶಸ್ತ್ರವೈದ್ಯರ ಸಂಘಗಳು ಅದನ್ನು ಸಡಿಲಿಸಿ, 35 ಮುಟ್ಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಸಲಹೆ ಮಾಡಬಹುದೆಂದೂ, 30ರಿಂದ 35ರ ನಡುವೆ ಇದ್ದು ಮಧುಮೇಹದಂಥ ಚಯಾಪಚಯದ ಕಾಯಿಲೆ ಇರುವವರಿಗೂ ಯೋಚಿಸಬಹುದೆಂದೂ, ಏಷ್ಯಾ ಮೂಲದವರಲ್ಲಿ ಕಡಿಮೆ ತೂಕಕ್ಕೇ ಕಾಯಿಲೆಗಳು ಅಂಟಿಕೊಳ್ಳುವುದರಿಂದ ಅವರಿಗೆ ಈ ಅಂಕಿಯನ್ನು 27.5ಕ್ಕೆ ಇಳಿಸಬೇಕೆಂದೂ ಹೇಳಿದವು. ಯಾವ ಲೆಕ್ಕದಲ್ಲಿ ನೋಡಿದರೂ ನಾನು ಅರ್ಹಳೇ ಆಗಿದ್ದೆ. ಆದರೆ ಅರ್ಹತೆಯೆಂದರೆ ಬಾಗಿಲು ತೆರೆದಿದೆ ಎಂದಷ್ಟೇ. ಒಳಗೆ ಹೋಗಬೇಕೇ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಅಮ್ಮನಿಗೆ ವಿಷಯ ತಿಳಿಸಿದಾಗ ಅವರು, "ಬಾಯಿ ಕಟ್ಟಿದರೆ ಸಾಲದೇನೇ? ಹೊಟ್ಟೆ ಯಾಕೆ ಕೊಯ್ಯಿಸಿಕೊಳ್ಳುತ್ತೀ?" ಎಂದರು. ಆ ಮಾತಿನಲ್ಲಿ ಇದ್ದದ್ದು ಅಕ್ಕರೆಯೇ. ಆದರೂ ಅದು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ನನ್ನೊಳಗೂ ಅದೇ ಪ್ರಶ್ನೆ ಇತ್ತು. ನಾನು ಬಾಯಿ ಕಟ್ಟದೆ ಇದ್ದವಳಲ್ಲ. ಪ್ರತಿ ಸಲವೂ ತೂಕ ಇಳಿಯುತ್ತಿತ್ತು, ಕೆಲವು ತಿಂಗಳು ನಿಲ್ಲುತ್ತಿತ್ತು, ಆಮೇಲೆ ಮೊದಲಿಗಿಂತ ತುಸು ಮೇಲಕ್ಕೇ ಹೋಗಿ ಕೂರುತ್ತಿತ್ತು. ಇದನ್ನು ನನ್ನ ಮನಸ್ಸಿನ ದೌರ್ಬಲ್ಯವೆಂದೇ ನಂಬಿಕೊಂಡು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಿದ್ದರೆ, ಅದು ನನಗೆ ನಾನೇ ವಿಧಿಸಿಕೊಳ್ಳುವ ದಂಡನೆಯಾಗುತ್ತಿತ್ತೇ ಹೊರತು ಚಿಕಿತ್ಸೆಯಾಗುತ್ತಿರಲಿಲ್ಲ. ಹಾಗಾಗಿ ಇಳಿದ ತೂಕ ಏಕೆ ಮರಳುತ್ತದೆ ಎಂಬುದನ್ನು ಮೊದಲು ಅರಿಯಬೇಕೆಂದು ನಿಶ್ಚಯಿಸಿದೆ.

ಅರಿತದ್ದು ಇಷ್ಟು. ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಜಠರದ ಮೇಲ್ಭಾಗದಲ್ಲಿ ಹೆಚ್ಚಾಗಿ ಹುಟ್ಟುವ, 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ರಕ್ತದಲ್ಲಿ ಏರುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಸಂಕೇತಗಳು ಕುಗ್ಗುತ್ತವೆ. ಸುಮ್ಮನೆ ಕುಳಿತಾಗಲೂ ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಟಿವಿಯ ಒಂದು ಸ್ಪರ್ಧೆಯಲ್ಲಿ ಕಠಿಣ ಪಥ್ಯ ಮತ್ತು ವ್ಯಾಯಾಮದಿಂದ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ಕಳೆದುಕೊಂಡ ತೂಕದ ಬಹುಪಾಲು ಮರಳಿತ್ತು. ಆದರೂ ಅವರ ದೇಹ, ಅಷ್ಟು ಗಾತ್ರದ ದೇಹದಿಂದ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆಯನ್ನೇ ಖರ್ಚು ಮಾಡುತ್ತಿತ್ತು. ಇದನ್ನು ಓದಿದ ದಿನ ನನಗೆ ದೊರೆತ ಸಮಾಧಾನ ದೊಡ್ಡದು. ಪಥ್ಯ, ನಡಿಗೆ ವ್ಯರ್ಥವೆಂದು ಇದರ ಅರ್ಥವಲ್ಲ. ನನ್ನಂಥ ದೇಹದಲ್ಲಿ ಅವುಗಳ ವಿರುದ್ಧ ಕೆಲಸ ಮಾಡುವ ಶಕ್ತಿಯೊಂದು ಇದೆ, ಅದಕ್ಕೆ ಚಿಕಿತ್ಸೆ ಬೇಕಾಗಬಹುದು ಎಂದು ಅರ್ಥ. ಅಮ್ಮನಿಗೂ ಇದನ್ನು ನಿಧಾನವಾಗಿ ವಿವರಿಸಿ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಬಾಯಿ ಕಟ್ಟುವ ಮಾತನ್ನು ಮತ್ತೆ ಎತ್ತಲಿಲ್ಲ.

ಶಸ್ತ್ರವೈದ್ಯರನ್ನು ಕಾಣಲು ಹೋಗುವಾಗ ನನ್ನ ಮನಸ್ಸಿನಲ್ಲಿ ಸ್ಲೀವ್ ಎಂಬ ವಿಧಾನವೇ ಇತ್ತು. ಅದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಮಾಡುತ್ತಾರೆ. ಕರುಳನ್ನು ಮುಟ್ಟುವುದಿಲ್ಲವಾದ್ದರಿಂದ ಅದು ಸರಳವೆಂದು ತೋರುತ್ತದೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುತ್ತಿರುವುದೂ ಅದೇ. ಇನ್ನೊಂದು ವಿಧಾನವಾದ ಬೈಪಾಸ್‌ನಲ್ಲಿ, ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ಮುಂದೆ ಒಂದು ಕಡೆ ಕತ್ತರಿಸಿ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ಜಠರದ ದೊಡ್ಡ ಭಾಗ ಒಳಗೇ ಉಳಿಯುತ್ತದೆ, ಆದರೆ ಆಹಾರ ಅದನ್ನು ಹಾದುಹೋಗುವುದಿಲ್ಲ. ಇದರ ಮೂಲರೂಪ ಹಳೆಯದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಅವರು 1966ರಲ್ಲಿ ಅದನ್ನು ಆರಂಭಿಸಿದರು. 1990ರ ದಶಕದಿಂದ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡಲಾಗುತ್ತಿದೆ.

ಎರಡೂ ಕೆಲಸ ಮಾಡುವುದು ಹೊಟ್ಟೆಯನ್ನು ಚಿಕ್ಕದು ಮಾಡುವುದರಿಂದ ಮಾತ್ರ ಎಂದು ನಾನು ಅಂದುಕೊಂಡಿದ್ದೆ. ವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ಬೇರೆಯದನ್ನು ತೋರಿಸಿದರು. ಸ್ಲೀವ್‌ನಲ್ಲಿ ಗ್ರೆಲಿನ್ ಹುಟ್ಟುವ ಭಾಗವೇ ಹೊರಹೋಗುತ್ತದೆ. ಬೈಪಾಸ್‌ನಲ್ಲಿ ಆಹಾರ ಸಣ್ಣ ಕರುಳಿನ ಕೆಳಭಾಗವನ್ನು ಬೇಗ ತಲುಪುವುದರಿಂದ ಜಿಎಲ್‌ಪಿ-1ನಂಥ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸಿ, ಹಸಿವು ತಗ್ಗುತ್ತದೆ, ಇನ್ಸುಲಿನ್ ಬಿಡುಗಡೆ ಸುಧಾರಿಸುತ್ತದೆ. ತೂಕ ಹೆಚ್ಚು ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಅನೇಕರ ರಕ್ತದ ಸಕ್ಕರೆ ಹತೋಟಿಗೆ ಬರುವುದಕ್ಕೆ, ಆಗ ತೀರ ಕಡಿಮೆ ತಿನ್ನುವುದರ ಜೊತೆಗೆ ಇದೂ ಕಾರಣ. ಆ ಹಾಳೆಯನ್ನು ನಾನು ಕೇಳಿ ಮನೆಗೆ ತಂದೆ.

ಆಮೇಲೆ ಅವರು ಕೇಳಿದ ಪ್ರಶ್ನೆಯೊಂದು ನನ್ನ ಲೆಕ್ಕಾಚಾರವನ್ನೇ ಬದಲಿಸಿತು: "ಎದೆಯುರಿ, ಹುಳಿತೇಗು ಇದೆಯೇ?" ಇತ್ತು, ವರ್ಷಗಳಿಂದ ಇತ್ತು, ಮಾತ್ರೆ ನುಂಗಿ ಮಲಗುವುದು ಅಭ್ಯಾಸವಾಗಿ ಹೋಗಿದ್ದರಿಂದ ಅದನ್ನು ಕಾಯಿಲೆಯೆಂದು ಯಾರಿಗೂ ಹೇಳಿರಲಿಲ್ಲ. ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಕೆಳತುದಿಯಲ್ಲಿ ಆಮ್ಲದಿಂದಾದ ಹುಣ್ಣುಗಳೂ, ಜಠರದ ಮೇಲಂಚು ವಪೆಯ ರಂಧ್ರದಿಂದ ಎದೆಗೂಡಿನೊಳಗೆ ಸರಿದಿರುವ ಸಣ್ಣ ಹರ್ನಿಯವೂ ಕಂಡವು. ಸ್ಲೀವ್ ಆದ ಮೇಲೆ ಆ ಕಿರಿದಾದ ಕೊಳವೆಯೊಳಗೆ ಒತ್ತಡ ಹೆಚ್ಚಿ ಎದೆಯುರಿ ಉಲ್ಬಣಿಸಬಹುದು, ಇಲ್ಲದವರಿಗೆ ಹೊಸದಾಗಿಯೂ ಬರಬಹುದು. ಬೈಪಾಸ್‌ನಲ್ಲಿ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸ್ಲೀವ್‌ನಲ್ಲಿ ತೆಗೆದ ಜಠರವನ್ನು ಮರಳಿ ಇಡಲಾಗದು ಎಂಬುದನ್ನೂ ಅವರು ಒತ್ತಿ ಹೇಳಿದರು. ಸರಳವಾದದ್ದು ಎಂಬ ಕಾರಣಕ್ಕೆ ನಾನು ಮೆಚ್ಚಿದ್ದ ವಿಧಾನ ನನಗೆ ಹೊಂದುವುದಲ್ಲ ಎಂದು ತಿಳಿದದ್ದು ಹೀಗೆ. ಈ ದಾರಿಯಲ್ಲಿ ಇರುವ ಎಲ್ಲರಿಗೂ ನಾನು ಹೇಳುವ ಮಾತೆಂದರೆ, ಯಾವ ವಿಧಾನವೆಂದು ಮೊದಲೇ ಮನಸ್ಸು ಮಾಡಿಕೊಂಡು ಹೋಗಬೇಡಿ, ಮತ್ತು ಎಂಡೋಸ್ಕೋಪಿಯ ವರದಿಯನ್ನು ಓದಿಸಿ ಅರ್ಥ ಕೇಳಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ.

ಔಷಧಿಯ ದಾರಿಯನ್ನೂ ನಾನು ಬಿಡದೆ ನೋಡಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ನಿಂದ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದದ್ದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಅಂಥದೇ ಇನ್ನೊಂದು ಔಷಧಿಯಾದ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಪ್ರಮಾಣದಲ್ಲಿ 72 ವಾರಗಳಲ್ಲಿ ಶೇ 21ರಷ್ಟು ಇಳಿದದ್ದು 2022ರಲ್ಲಿ ವರದಿಯಾಗಿದೆ. ಇವೆರಡೂ ಮಧುಮೇಹ ಇಲ್ಲದವರಲ್ಲಿ ನಡೆದ ಪ್ರಯೋಗಗಳು; ಮಧುಮೇಹ ಇರುವವರಲ್ಲಿ ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಬೈಪಾಸ್‌ನಲ್ಲಿ ಮೊದಲ ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ಶೇ 30ರ ಆಸುಪಾಸು ಇಳಿಯುವುದು ಸಾಮಾನ್ಯ. ನನ್ನ ವೈದ್ಯರ ಸಲಹೆಯಂತೆ ಚುಚ್ಚುಮದ್ದನ್ನು ಹಲವು ತಿಂಗಳು ತೆಗೆದುಕೊಂಡೆ. ಹಸಿವು ಕಡಿಮೆಯಾಯಿತು, ತೂಕವೂ ಸ್ವಲ್ಪ ಇಳಿಯಿತು, ಆದರೆ ಪ್ರಮಾಣ ಏರಿಸಿದಾಗಲೆಲ್ಲ ವಾಕರಿಕೆ ಮತ್ತು ವಾಂತಿ ಹೆಚ್ಚಿ, ಕಡಿಮೆ ಪ್ರಮಾಣದಲ್ಲೇ ನಿಲ್ಲಬೇಕಾಯಿತು. ಔಷಧಿ ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳುತ್ತದೆ ಎಂಬುದೂ ಪ್ರಯೋಗದಲ್ಲಿ ಕಂಡ ವಿಷಯವೇ. ಔಷಧಿ ಒಗ್ಗಿದವರಿಗೆ, ಅದರಲ್ಲೂ ಬಿಎಂಐ ನನಗಿಂತ ಕಡಿಮೆ ಇರುವವರಿಗೆ, ಅದು ಒಳ್ಳೆಯ ದಾರಿಯೇ ಎಂದು ನಾನು ನಂಬುತ್ತೇನೆ. ಶಸ್ತ್ರಚಿಕಿತ್ಸೆಯಾದ ಮೇಲೆ ತೂಕ ಮರಳತೊಡಗಿದರೆ ಇದೇ ಔಷಧಿಗಳು ನೆರವಿಗೆ ಬರಬಹುದು ಎಂದೂ ವೈದ್ಯರು ಹೇಳಿದರು. ಅಂದರೆ ಇವು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ.

ಅಪಾಯದ ಮಾತನ್ನು ಎತ್ತಿದವರು ನನ್ನ ಪತಿ. "ನೀನು ಟೇಬಲ್ ಮೇಲಿಂದ ಎದ್ದು ಬರದಿದ್ದರೆ?" ಎಂದು ಅವರು ನೇರವಾಗಿಯೇ ಕೇಳಿದರು, ಮತ್ತು ಆ ಪ್ರಶ್ನೆಯನ್ನು ಶಸ್ತ್ರವೈದ್ಯರ ಮುಂದೆಯೂ ಇಟ್ಟರು. ಅಮೆರಿಕದಲ್ಲಿ 4,776 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ದಿನಗಳೊಳಗೆ ಸತ್ತವರು ಶೇ 0.3, ಸಾವು, ರಕ್ತ ಹೆಪ್ಪುಗಟ್ಟುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಮುಂತಾದ ದೊಡ್ಡ ತೊಂದರೆಗಳಲ್ಲಿ ಒಂದಾದರೂ ಆದವರು ಶೇ 4.3. ಜೋಡಣೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು, ಇವು ಮೊದಲ ದಿನಗಳ ಭಯಗಳು. ಈ ಅಪಾಯವನ್ನು, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದಿದ್ದರೆ ಇರುವ ಅಪಾಯದೊಂದಿಗೆ ತೂಗಿ ನೋಡಬೇಕೆಂದು ವೈದ್ಯರು ಹೇಳಿ, ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವನ್ನು ವಿವರಿಸಿದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಮಾಡಿಸಿಕೊಳ್ಳದವರು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದಾಗ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸಾವಿನ ಅಪಾಯ, ವಯಸ್ಸು ಮೊದಲಾದವನ್ನು ಹೊಂದಿಸಿ ಲೆಕ್ಕ ಹಾಕಿದ ಮೇಲೆ, ಶೇ 29ರಷ್ಟು ಕಡಿಮೆ ಇತ್ತೆಂದು 2007ರಲ್ಲಿ ವರದಿಯಾಯಿತು. ಅಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಅದನ್ನೂ ನೆನಪಿಡಿ ಎಂದು ಅವರೇ ಸೇರಿಸಿದರು. ಆ ಪ್ರಾಮಾಣಿಕತೆಯಿಂದ ನನ್ನ ವಿಶ್ವಾಸ ಹೆಚ್ಚಿತು.

ಮಧುಮೇಹದ ವಿಷಯದಲ್ಲಿಯೂ ಅವರು ಆಸೆ ಹುಟ್ಟಿಸುವ ಮಾತಾಡಲಿಲ್ಲ. ಕಾಯಿಲೆ ಬಂದು ಕೆಲವೇ ವರ್ಷಗಳಾಗಿ ಇನ್ಸುಲಿನ್ ಇಲ್ಲದವರಲ್ಲಿ ಅದು ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ನನ್ನಂತೆ ಹಳೆಯ ಮಧುಮೇಹ ಇದ್ದು ಇನ್ಸುಲಿನ್ ಹಿಡಿದವರಲ್ಲಿ ಕಡಿಮೆ. ರೋಮ್‌ನಲ್ಲಿ ನಡೆದ, 2021ರಲ್ಲಿ ಹತ್ತು ವರ್ಷಗಳ ಫಲಿತಾಂಶ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಬೈಪಾಸ್ ಆದವರಲ್ಲಿ ಕಾಲು ಭಾಗದಷ್ಟು ಜನರ ಮಧುಮೇಹ ಮಾತ್ರ ಹತ್ತನೆಯ ವರ್ಷದಲ್ಲೂ ದೂರ ಉಳಿದಿತ್ತು; ಔಷಧಿಯ ಗುಂಪಿನಲ್ಲಿ ಅದು ಶೇ 5.5. ನನಗೆ ಇನ್ಸುಲಿನ್ ಬಿಟ್ಟುಹೋಗಿ ಮಾತ್ರೆಗಳು ಕಡಿಮೆಯಾದರೆ, ಮೂತ್ರಪಿಂಡ ಮತ್ತು ಕಣ್ಣು ಇನ್ನಷ್ಟು ವರ್ಷ ಉಳಿದರೆ, ಅದನ್ನೇ ದೊಡ್ಡ ಫಲವೆಂದು ಎಣಿಸುತ್ತೇನೆ ಎಂದು ನಾನು ಆ ದಿನ ನನ್ನ ನಿರೀಕ್ಷೆಯನ್ನು ಸರಿಮಾಡಿಕೊಂಡೆ. ನಿರೀಕ್ಷೆಯನ್ನು ಹೀಗೆ ಮೊದಲೇ ಗಟ್ಟಿ ನೆಲದ ಮೇಲೆ ಇಡುವುದು ಈ ತೀರ್ಮಾನದ ಅತಿ ಮುಖ್ಯ ಭಾಗವೆಂದು ನನಗೆ ಈಗಲೂ ಅನ್ನಿಸುತ್ತದೆ.

ಸತ್ಯ ಹೇಳಬೇಕೆಂದರೆ, ನನ್ನನ್ನು ಹೆಚ್ಚು ಹೆದರಿಸಿದ್ದು ಶಸ್ತ್ರಚಿಕಿತ್ಸೆಯ ದಿನವಲ್ಲ, ಅದರ ನಂತರದ ಇಡೀ ಜೀವನ. ಬೈಪಾಸ್ ಆದ ದೇಹ ಕಬ್ಬಿಣ, ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ ಇವುಗಳನ್ನು ಮೊದಲಿನಂತೆ ಹೀರಿಕೊಳ್ಳುವುದಿಲ್ಲ. ಬದುಕಿರುವಷ್ಟು ಕಾಲ ಮಾತ್ರೆ ಮತ್ತು ನಿಯಮಿತ ರಕ್ತಪರೀಕ್ಷೆ ತಪ್ಪುವುದಿಲ್ಲ. ವಾಂತಿ ನಿಲ್ಲದೆ ಮುಂದುವರಿದರೆ ಬಿ1 ಎಂಬ ಥಯಾಮಿನ್ ವೇಗವಾಗಿ ಬರಿದಾಗಿ ಮಿದುಳಿಗೇ ಹಾನಿಯಾಗಬಹುದು, ಹಾಗಾದಾಗ ಒಂದು ದಿನವೂ ಕಾಯಬಾರದು. ಸಿಹಿಯನ್ನು ಹೆಚ್ಚು ತಿಂದರೆ ಡಂಪಿಂಗ್ ಎಂದು ಕರೆಯುವ, ಎದೆ ಬಡಿದುಕೊಂಡು ಬೆವರು ಕಿತ್ತು ತಲೆ ಸುತ್ತುವ ಸ್ಥಿತಿ ಬರಬಹುದು. ಮೊಣಕಾಲಿಗೆ ನಾನು ನುಂಗುತ್ತಿದ್ದ ನೋವಿನ ಮಾತ್ರೆಗಳು ಜೋಡಣೆಯ ಬಳಿ ಹುಣ್ಣು ಮಾಡುವುದರಿಂದ ಅವನ್ನು ಬಿಡಬೇಕು. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಕೆಲವು ತಿಂಗಳು ಕೂದಲು ಉದುರುತ್ತದೆ, ಚರ್ಮ ಜೋತುಬೀಳುತ್ತದೆ. ವರ್ಷಗಳ ಬಳಿಕವೂ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಇರುವುದರಿಂದ, ತೀವ್ರ ಹೊಟ್ಟೆನೋವನ್ನು ಎಂದೂ ಕಡೆಗಣಿಸುವಂತಿಲ್ಲ. ಈ ಪಟ್ಟಿಯನ್ನು ಪತಿ ತಮ್ಮ ಕೈಯಲ್ಲೇ ಬರೆದುಕೊಂಡರು.

ಮನೋವೈದ್ಯರ ಭೇಟಿಯನ್ನು ಅನೇಕರು ಶಾಸ್ತ್ರಕ್ಕೆ ಮುಗಿಸುವ ಹಂತವೆಂದು ಎಣಿಸುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಅದೇ. ಯಾವಾಗ ತಿನ್ನುತ್ತೀರಿ, ಏಕೆ ತಿನ್ನುತ್ತೀರಿ ಎಂದು ಅವರು ಕೇಳಿದಾಗ, ಮನೆಯವರೆಲ್ಲ ಮಲಗಿದ ಮೇಲೆ, ಹಸಿವಿಲ್ಲದೆಯೇ, ದಿನದ ಬೇಸರ ಕಳೆಯಲೆಂದು ತಿನ್ನುತ್ತೇನೆ ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಆಪರೇಷನ್ ಆದ ಮೇಲೂ ಬೇಸರ ಬರುತ್ತದೆ, ಆದರೆ ಅದನ್ನು ತಣಿಸಲು ಊಟ ಇರುವುದಿಲ್ಲ. ಆಗ ಏನು ಮಾಡುತ್ತೀರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೇರುವುದನ್ನೂ, ವರ್ಷಗಳು ಕಳೆದಂತೆ ಕೆಲವರಲ್ಲಿ ಕುಡಿತದ ಸಮಸ್ಯೆ ಹೊಸದಾಗಿ ಹುಟ್ಟುವುದನ್ನೂ, ಖಿನ್ನತೆ ಮರುಕಳಿಸಬಹುದಾದುದನ್ನೂ ಅವರು ಮುಚ್ಚಿಡದೆ ತಿಳಿಸಿದರು. ತೀರ್ಮಾನವನ್ನು ಮುಂದೂಡಿ ಕೆಲವು ತಿಂಗಳು ಅವರೊಂದಿಗೆ ಮಾತುಕತೆ ಮುಂದುವರಿಸೋಣ ಎಂಬ ಸಲಹೆಯನ್ನು ನಾನು ಮನಃಪೂರ್ವಕವಾಗಿ ಒಪ್ಪಿದೆ. ರಾತ್ರಿಯ ತಿನ್ನುವಿಕೆ ಪೂರ್ತಿ ಹೋಗಿಲ್ಲ. ಆದರೆ ಅದು ಬರುವ ಸುಳಿವು ಈಗ ಗೊತ್ತಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ಎಬ್ಬಿಸು ಎಂದು ಪತಿ ಹೇಳಿದ್ದಾರೆ.

ಈಗಾಗಲೇ ಮಾಡಿಸಿಕೊಂಡವರನ್ನು ಕಂಡು ಮಾತನಾಡಿದ್ದೂ ಇದೇ ಕಾಲದಲ್ಲಿ. ಎಷ್ಟು ಕಿಲೋ ಇಳಿಯಿತು ಎಂದು ಕೇಳುವುದನ್ನು ನಾನು ಬೇಗನೆ ಬಿಟ್ಟೆ. ನಿಮ್ಮ ಒಂದು ಸಾಧಾರಣ ದಿನ ಹೇಗಿರುತ್ತದೆ ಎಂದು ಕೇಳತೊಡಗಿದೆ. ನಿದ್ರೆಯಲ್ಲಿ ಉಸಿರು ತಡೆಯದಂತೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನು ಮೂಲೆಗಿಟ್ಟು ನೆಮ್ಮದಿಯಾಗಿ ಮಲಗುತ್ತಿರುವವರೊಬ್ಬರು ಸಿಕ್ಕರು. ಐದಾರು ವರ್ಷಗಳ ನಂತರ ಅರ್ಧದಷ್ಟು ತೂಕ ಮರಳಿ ಬಂದವರೊಬ್ಬರು, ಮಾತ್ರೆ ನಿಲ್ಲಿಸಿ ಬಿ12 ಕೊರತೆಯಿಂದ ಕಾಲು ಜೋಮು ಹಿಡಿದ ಮೇಲೆ ಎಚ್ಚೆತ್ತವರೊಬ್ಬರು ಸಿಕ್ಕರು. ತೂಕ ಮರಳಿದವರು, ಮತ್ತೊಮ್ಮೆ ಅವಕಾಶವಿದ್ದರೂ ಮಾಡಿಸಿಕೊಳ್ಳುತ್ತಿದ್ದೆ, ಆದರೆ ತಪಾಸಣೆಗೆ ಹೋಗುವುದನ್ನು ಬಿಡುತ್ತಿರಲಿಲ್ಲ ಎಂದರು. ಮಾಡಿಸಿಕೊಳ್ಳುವುದೇ ಬೇಡವೆಂದು ತೀರ್ಮಾನಿಸಿದ ಗೆಳತಿಯೊಬ್ಬಳೂ ನನಗಿದ್ದಾಳೆ. ಅವಳ ಬಿಎಂಐ ನನಗಿಂತ ಕಡಿಮೆ, ಚುಚ್ಚುಮದ್ದು ಒಗ್ಗಿದೆ, ಮತ್ತು ಎರಡು ಮೂರು ವರ್ಷದಲ್ಲಿ ಮಗು ಬೇಕೆಂಬ ಬಯಕೆ ಇದೆ. ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂಬ ನಿಯಮ ಅವಳ ಯೋಜನೆಗೆ ಹೊಂದುವುದಿಲ್ಲ. ಗರ್ಭ ಧರಿಸುವ ಮುನ್ನ ಚುಚ್ಚುಮದ್ದನ್ನೂ ನಿಲ್ಲಿಸಬೇಕೆಂಬುದನ್ನು ಅವಳು ವೈದ್ಯರೊಂದಿಗೆ ಮಾತನಾಡಿಯೇ ಇದ್ದಾಳೆ. ಅವಳ ತೀರ್ಮಾನ ಅವಳಿಗೆ ಸರಿಯಾದದ್ದು.

ಕೊನೆಗೆ ನಾನು ಒಂದು ಪರೀಕ್ಷೆಯನ್ನು ನನಗೇ ಒಡ್ಡಿಕೊಂಡೆ. ಶಸ್ತ್ರಚಿಕಿತ್ಸೆ ಆಗಿದೆಯೆಂದೇ ಭಾವಿಸಿ ಆ ನಿಯಮಗಳಂತೆ ಬದುಕಿ ನೋಡಿದೆ: ಚಿಕ್ಕ ತುತ್ತು, ಪ್ರತಿ ತುತ್ತನ್ನೂ ನುಣ್ಣಗಾಗುವಂತೆ ಅಗಿಯುವುದು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ಮೊದಲು ಪ್ರೋಟೀನ್ ತಿಂದು ದಿನಕ್ಕೆ 60 ಗ್ರಾಂ ಮುಟ್ಟಿಸುವುದು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುವುದು. ಹಸಿವಿನ ಹಾರ್ಮೋನುಗಳಲ್ಲಿ ಆಗುವ ಬದಲಾವಣೆಯ ನೆರವಿಲ್ಲದೆ ಇದನ್ನು ಮಾಡುವುದು ಆಪರೇಷನ್ ಆದ ಮೇಲಿಗಿಂತ ಕಷ್ಟ. ಕಡಿಮೆ ತಿನ್ನುವುದರಲ್ಲಿ ನಾನು ಹಲವು ದಿನ ಸೋತೆ. ಆದರೆ ಮಾತ್ರೆ, ನೀರು, ಅಗಿಯುವಿಕೆ, ಲೆಕ್ಕ ಬರೆದಿಡುವುದು ಇವು ನನ್ನಿಂದ ಆಗುವ ಕೆಲಸಗಳು ಎಂಬುದು ತಿಂಗಳುಗಳ ಕೊನೆಗೆ ಸ್ಪಷ್ಟವಾಯಿತು. ತೂಕ ಇಳಿಸಬಲ್ಲೆನೇ ಎಂಬ ಪ್ರಶ್ನೆ ಹಿಂದೆ ಸರಿದು, ಮಾರ್ಪಟ್ಟ ಜಠರ ಮತ್ತು ಕರುಳನ್ನು ಜೀವಮಾನವಿಡೀ ನೋಡಿಕೊಳ್ಳಬಲ್ಲೆನೇ ಎಂಬ ಪ್ರಶ್ನೆ ಮುಂದೆ ಬಂದಿತ್ತು, ಮತ್ತು ಅದಕ್ಕೆ ನನ್ನ ಉತ್ತರ ಹೌದು ಎಂದಿತ್ತು.

ಹೀಗೆ ಬೈಪಾಸ್‌ಗೆ ಒಪ್ಪಿಗೆ ಕೊಟ್ಟಿದ್ದೇನೆ. ಎಂಡೋಸ್ಕೋಪಿಯಲ್ಲಿ ಕಂಡ, ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಸೋಂಕಿಗೆ ಚಿಕಿತ್ಸೆ ಮುಗಿದಿದೆ. ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸೆಯವರೆಗೆ ಪ್ರತಿ ರಾತ್ರಿ ಸಿಪ್ಯಾಪ್ ಹಾಕಿಕೊಳ್ಳಲೇಬೇಕು, ಆಸ್ಪತ್ರೆಗೆ ಬರುವಾಗ ಅದನ್ನು ಜೊತೆಗೆ ತರಬೇಕು ಎಂದು ಹೇಳಿದ್ದಾರೆ. ಕೊನೆಯ ಎರಡು ವಾರ ಲಿವರ್ ಕುಗ್ಗಲೆಂದು ತೀರ ಕಡಿಮೆ ಕ್ಯಾಲೊರಿಯ ಆಹಾರ ಇರುತ್ತದೆ, ಆಗ ಸಕ್ಕರೆ ಏಕಾಏಕಿ ಇಳಿಯದಂತೆ ಇನ್ಸುಲಿನ್ ಪ್ರಮಾಣವನ್ನು ಕಡಿಮೆ ಮಾಡುವ ಪಟ್ಟಿಯನ್ನು ಮಧುಮೇಹದ ವೈದ್ಯರು ಬರೆದುಕೊಟ್ಟಿದ್ದಾರೆ. ಮುಂದಿನ ತಪಾಸಣೆಗಳ ದಿನಗಳನ್ನು, ಮೂರನೆಯ ತಿಂಗಳು, ಆರನೆಯ ತಿಂಗಳು, ವರ್ಷ, ಆಮೇಲೆ ಪ್ರತಿ ವರ್ಷ ಎಂದು ಪತಿ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ಅಮ್ಮ ಮೊದಲ ವಾರಗಳಲ್ಲಿ ನನ್ನ ಜೊತೆ ಇರಲು ಬರುತ್ತಾರೆ. ದ್ರವ ಆಹಾರ ಎಷ್ಟು ದಿನ, ಮೆತ್ತಗಿನ ಆಹಾರ ಯಾವಾಗಿನಿಂದ ಎಂದು ಪಥ್ಯ ತಜ್ಞರನ್ನು ತಾವೇ ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದಾರೆ.